ಸನ್ಮಾನ್ಯ ಚಾಸಿ ನಂಬರ್ ಅವರ ಸನ್ನಿಧಾನಕ್ಕೆ

ಗೆ,
ಶ್ರೀ ಚಾಸಿ ನಂಬರ್ ಅವರು,
ಎಡಗಡೆಯ ಉಕ್ಕಿನ ಪಟ್ಟಿ, ಬಾಡಿಯ ಅಡಿ, ತುಕ್ಕಿನ ಪದರದ ಹಿಂದೆ.

ಇಂದ,
1930ರ ಫೋರ್ಡ್ ಮಾಡೆಲ್ ಎ ಕಾರೊಂದರ ವಾರಸುದಾರ, ಮಲೆನಾಡು.

ವಿಷಯ: ತಾವು ದರ್ಶನ ಕೊಡದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದರ್ಶನಕ್ಕಾಗಿ ಅರ್ಜಿದಾರ ಕಾಯುತ್ತಿರುವುದು ಇದು ಎರಡನೇ ಮಳೆಗಾಲ. ತಿರುಪತಿಯಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ದರ್ಶನ ಮುಗಿದು, ಲಡ್ಡು ನೆಂಟರಿಷ್ಟರಿಗೆಲ್ಲ ಹಂಚಿ ಆಗಿರುತ್ತಿತ್ತು. ತಾವು ಇರುವುದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಇಲ್ಲ.

ಕಾರು ಇದೆ. ಅದಕ್ಕೆ ಊರಿಗೆ ಊರೇ ಸಾಕ್ಷಿ. ಅರ್ಜಿದಾರನ ಅಜ್ಜ ಅದನ್ನು ಕಾಫಿ ತೋಟದ ದೊರೆಯೊಬ್ಬ ಸೀಮೆಗೆ ಹೊರಟಾಗ ಕೊಂಡುಕೊಂಡಿದ್ದು, ಅದರಲ್ಲಿ ಮೂರು ಮದುವೆಯ ದಿಬ್ಬಣ ಹೋಗಿದ್ದು, ಘಟ್ಟದ ತಿರುವಿನಲ್ಲಿ ಹಿಂದಿನ ಸೀಟಿನಲ್ಲೇ ಒಂದು ಹೆರಿಗೆ ಆಗಿದ್ದು ಎಲ್ಲರಿಗೂ ಗೊತ್ತು. ಹಾಗೆ ಹುಟ್ಟಿದವರು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ, ಯಾವ ಕಚೇರಿಗೆ ಬೇಕಾದರೂ ಬಂದು ಸಾಕ್ಷಿ ಹೇಳಲು ತಯಾರಿದ್ದಾರೆ. ಒಂದೇ ತೊಡಕು. ಅವರ ಜನ್ಮದಿನಾಂಕ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದ ಜೂನ್ 1. ಈ ರಾಜ್ಯದಲ್ಲಿ ಆ ತಲೆಮಾರಿನ ಅರ್ಧದಷ್ಟು ಜನ ಜೂನ್ 1ರಂದೇ ಹುಟ್ಟಿದ ಹಾಗಿದೆ, ಸರ್ಕಾರ ಅವರಿಗೆಲ್ಲ ಪೆನ್ಷನ್ನನ್ನೂ ಕೊಟ್ಟಿದೆ. ಕಾರಿಗೆ ಅಂಥ ಒಬ್ಬ ದಯಾಳು ಮೇಷ್ಟ್ರು ಸಿಗಲಿಲ್ಲ, ಅಷ್ಟೇ.

ತಾವು ಕಾಣದಿರುವುದಕ್ಕೆ ತಮ್ಮನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ಮಾಡೆಲ್ ಎ ಕಾರಿನಲ್ಲಿ ಫೋರ್ಡ್ ಕಂಪನಿ ಮೊದಲು ಎಂಜಿನ್ನಿಗೆ ನಂಬರು ಹೊಡೆಯುತ್ತಿತ್ತು, ಎಡಮಗ್ಗುಲಲ್ಲಿ ನೀರು ಒಳಹೋಗುವ ಕೊಳವೆಯ ಮೇಲ್ಭಾಗದಲ್ಲಿ. ಅದೇ ನಂಬರನ್ನು ಆಮೇಲೆ ಚೌಕಟ್ಟಿನ ಎಡ ಪಟ್ಟಿಯ ಮೇಲ್ಮೈಗೆ ಕೈಯಾರೆ ಪಂಚ್ ಮಾಡುತ್ತಿದ್ದರು. ಅಲ್ಲಿಗೆ ಎಲ್ಲ ಸರಿ. ಆದರೆ ಅದರ ಮೇಲೆಯೇ ಬಾಡಿಯನ್ನು ತಂದು ಕೂರಿಸಿ ಬೋಲ್ಟ್ ಬಿಗಿದರು. ಅಂದರೆ ತಾವು ಹುಟ್ಟಿದ ದಿನವೇ ಗರ್ಭಗುಡಿಯ ಬಾಗಿಲು ಹಾಕಿಯಾಯಿತು. ಮಾಡೆಲ್ ಟಿ ಇದಕ್ಕಿಂತ ನಿಶ್ಚಿಂತ ಜೀವಿ. 1927ರ ಮೇ 26ರಂದು ಒಂದೂವರೆ ಕೋಟಿಯ ಸಂಖ್ಯೆ ಮುಟ್ಟಿದ ಆ ಕಾರಿನ ಚೌಕಟ್ಟಿಗೆ ತನ್ನ ಬಾಳಿನ ಬಹುಪಾಲು ಕಾಲ ನಂಬರೇ ಇರಲಿಲ್ಲ. ಎಂಜಿನ್ ನಂಬರೇ ಅದಕ್ಕೆ ಹೆಸರು, ಗೋತ್ರ, ಜಾತಕ. ಎಂಜಿನ್ ಬದಲಾದರೆ ಜಾತಕವೂ ಬದಲು.

ಈಗಿನ ಮಕ್ಕಳಿಗೆ ಆ ಕಷ್ಟವಿಲ್ಲ. 1981ರಿಂದ ಅಮೆರಿಕ 17 ಅಕ್ಷರ-ಅಂಕಿಗಳ ಒಂದೇ ಮಾದರಿಯನ್ನು ಕಡ್ಡಾಯ ಮಾಡಿತು, ಜಗತ್ತು ನಿಧಾನಕ್ಕೆ ಆ ದಾರಿಗೇ ಬಂತು. ಅದರಲ್ಲಿ ಐ, ಒ, ಕ್ಯೂ ಎಂಬ ಮೂರು ಅಕ್ಷರಗಳಿಗೆ ಪ್ರವೇಶವಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗುತ್ತದೆ ಎಂದು. ಹಿಂದಿನವರಿಗೆ ಇಷ್ಟು ದೂರಾಲೋಚನೆ ಎಲ್ಲಿಂದ ಬರಬೇಕು? 1929ರಲ್ಲಿ ಹೊರಬಂದ ರೋಲ್ಸ್ ರಾಯ್ಸ್ 20/25ರ ಮೊದಲ ಸಾಲಿನ ಚಾಸಿಗಳಿಗೆ ಜಿ, ಎಕ್ಸ್, ಒ ಎಂಬ ಅಕ್ಷರಗಳು, ಅದಕ್ಕೆ ಅಂಟಿಕೊಂಡೇ ಅಂಕಿ. ಒ ಮುಗಿದು ಸೊನ್ನೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆ ಮಹನೀಯರು ಗುಮಾಸ್ತರ ವಿವೇಚನೆಗೆ ಬಿಟ್ಟರು. ಅವರು ಎಚ್ಚರ ವಹಿಸಿದ್ದು ಒಂದೇ ವಿಷಯದಲ್ಲಿ: 13 ಎಂಬ ಸಂಖ್ಯೆಯನ್ನು ಯಾವ ಚಾಸಿಗೂ ಕೊಡಲಿಲ್ಲ. ರಾಹುಕಾಲ ನೋಡುವವರನ್ನು ಕಂಡು ನಗುವವರು ಇದನ್ನೊಂದಿಷ್ಟು ಗಮನಿಸಬೇಕು.

ಇನ್ನು ಅರ್ಜಿದಾರನ ಕಥೆ. ಮೇಸ್ತ್ರಿಯನ್ನು ಕರೆಸಿ, ನಾಲ್ಕು ಆಳು ಹಿಡಿದು, ಅಡಿಕೆ ಮರದ ದಬ್ಬೆ ಕೊಟ್ಟು, ಬಾಡಿಯನ್ನು ಮುಂಭಾಗದಲ್ಲಿ ಎರಡು ಬೆರಳಿನಷ್ಟು ಎತ್ತಲಾಯಿತು. ಮೇಸ್ತ್ರಿ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ, ತಂತಿ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ, ಟಾರ್ಚು ಓರೆಯಾಗಿ ಹಿಡಿದ. ಆಮೇಲೆ ಬಂತು ಪೆನ್ಸಿಲ್ ಪ್ರಿಂಟು. ನೋಂದಣಿಯ ಅರ್ಜಿಯಾದ ಫಾರಂ 20ಕ್ಕೆ ತಮ್ಮ ಪಡಿಯಚ್ಚನ್ನು ಪೆನ್ಸಿಲಿನಲ್ಲಿ ತೆಗೆದು ಅಂಟಿಸಬೇಕು ಎಂಬುದು ಈ ದೇಶದ ಸಂಪ್ರದಾಯ. ಉಪಗ್ರಹ ಹಾರಿಸುವ ದೇಶದ ಆರ್‌ಟಿಒ ಕಚೇರಿಯಲ್ಲಿ ಇವತ್ತಿಗೂ ಪರಮ ಪ್ರಮಾಣವೆಂದರೆ ತೆಳು ಕಾಗದದ ಮೇಲೆ ಉಜ್ಜಿದ ಪೆನ್ಸಿಲು. ಸಣ್ಣವರಿದ್ದಾಗ ಕಾಗದದಡಿ ನಾಲ್ಕಾಣೆ ಇಟ್ಟು ಉಜ್ಜಿ ಸಿಂಹದ ತಲೆ ಬರಿಸುತ್ತಿದ್ದೆವಲ್ಲ, ಅದೇ ವಿದ್ಯೆ. ಕಾಗದದ ಮೇಲೆ ಮೊದಲು ಬೂದು ಮೋಡ ಬಂತು. ಮೋಡದೊಳಗಿಂದ ಒಂದು ಸಿ, ಒಂದು ಎ. ಆಮೇಲೆ 3 ಅಥವಾ 8. ಆಮೇಲೆ ಒಂದು 1, ಅಥವಾ ಬ್ರಷ್ಷಿನ ಗೀರು. ಮುಂದೆ ತುಕ್ಕು ತಿಂದ ಗುಳಿ. ಕೊನೆಗೆ ಒಂದು 7, ನಿಸ್ಸಂಶಯವಾಗಿ 7, ಕನ್ನಡಿಯಷ್ಟು ಸ್ಪಷ್ಟ.

ಸಿಎ ಕಂಡದ್ದೇ ಇನ್ನೊಂದು ಪ್ರಸಂಗ. ಬಲಗಡೆ ಸ್ಟೀರಿಂಗಿನ ಫೋರ್ಡುಗಳು ಭಾರತಕ್ಕೆ ಬರುತ್ತಿದ್ದದ್ದು ಕೆನಡಾದ ಕಾರ್ಖಾನೆಯಿಂದ, ಅಲ್ಲಿನ ಮಾಡೆಲ್ ಎ ಎಂಜಿನ್ನುಗಳಿಗೆ ಸಿಎ ಎಂಬ ಪೂರ್ವಾಕ್ಷರ. ಕರ್ನಾಟಕದಲ್ಲಿ ಕೆಎ ಬರುವ ಮುಂಚೆ ಎಂವೈ, ಎಂಇ ಆದ ಮೇಲೆ ಓಡಾಡಿದ ನಂಬರ್ ಪ್ಲೇಟುಗಳಲ್ಲೂ ಕೆಲವು ಸಿಎ ಎಂದೇ ಶುರು. ಆರ್‌ಟಿಒ ಕಚೇರಿಯ ಗುಮಾಸ್ತರು ಪ್ರಿಂಟನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, “ಇದು ರಿಜಿಸ್ಟ್ರೇಷನ್ ನಂಬರ್ ಅಲ್ವೇನ್ರೀ, ಚಾಸಿ ನಂಬರ್ ತನ್ನಿ” ಎಂದರು. ಕೆನಡಾ ಎಂಬ ವಿವರಣೆ ಕೊಟ್ಟಾಗ, “ಹಾಗಾದರೆ ಇಂಪೋರ್ಟೆಡ್ ಗಾಡಿ, ಬಿಲ್ ಆಫ್ ಎಂಟ್ರಿ ಎಲ್ಲಿ?” ಎಂದರು. ಬ್ರಿಟಿಷರ ಕಾಲದಲ್ಲಿ ಹಡಗಿನಿಂದಿಳಿದ ಕಾರಿನ ಕಸ್ಟಮ್ಸ್ ಚೀಟಿ! ಅದು ಇದ್ದಿದ್ದೇ ಆದರೆ, ಆರ್‌ಸಿ ಪುಸ್ತಕವನ್ನು ತಿಂದ ಗೆದ್ದಲೇ ಅದನ್ನೂ ತಿಂದಿದೆ. ಮಲೆನಾಡಿನ ಗೆದ್ದಲಿಗೆ ದಾಖಲೆಗಳ ವಿಷಯದಲ್ಲಿ ತಾರತಮ್ಯವಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಾವು ತುಕ್ಕಿನಡಿ ಮಲಗಿರುವಾಗ ಯಾರೂ ತಿಳಿಸಿರಲಿಕ್ಕಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳದ್ದೇ ಒಂದು ಭಾಗ ಸೇರಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು ಮೂಲ ರೂಪದಲ್ಲಿದ್ದರೆ, ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡಿನಂಥ ಭಾರಿ ರಿಪೇರಿ ಕಾಣದಿದ್ದರೆ, ವಿಂಟೇಜ್ ಎನಿಸಿಕೊಳ್ಳುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಆಯುಷ್ಯ, ಮರುನೋಂದಣಿಗೆ 5,000. ರಾಜ್ಯದ ಸಮಿತಿಯೊಂದು ಬಂದು ನೋಡಿ ಒಪ್ಪಬೇಕು. ದಿನಬಳಕೆಗೆ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ರಸ್ತೆಗಿಳಿಯಬಹುದು. ನಿಯಮ ಒಳ್ಳೆಯದೇ. ಅದುವರೆಗೆ ರಾಜ್ಯಕ್ಕೊಂದು ಪದ್ಧತಿ, ಕಚೇರಿಗೊಂದು ವ್ಯಾಖ್ಯಾನ ಇತ್ತು.

ಆದರೆ ಓದುತ್ತ ಹೋದಂತೆ ಅರ್ಜಿದಾರನಿಗೆ ತಲೆ ತಿರುಗಿತು. ಐವತ್ತು ವರ್ಷ ಎಣಿಸಬೇಕಾದ್ದು ಮೊದಲ ನೋಂದಣಿಯಿಂದ. ಮೊದಲ ನೋಂದಣಿಯನ್ನು ತೋರಿಸಲು ಹಳೆಯ ಆರ್‌ಸಿ ಬೇಕು. ಅದಿಲ್ಲದಿದ್ದರೆ ಕಾರೇ ತನ್ನ ವಯಸ್ಸು ಹೇಳಬೇಕು, ಅಂದರೆ ತಾವು ಬಾಯಿ ಬಿಡಬೇಕು. ತಾವು ಬಾಯಿ ಬಿಡಬೇಕಾದರೆ ಬಾಡಿ ಎತ್ತಬೇಕು, ತುಕ್ಕು ಕೆರೆಯಬೇಕು, ಪಟ್ಟಿಯ ಸವೆದ ಭಾಗಕ್ಕೆ ಏನಾದರೂ ಮಾಡಬೇಕು. ಮಾಡಿದರೆ, “ಮೂಲ ರೂಪದಲ್ಲಿಲ್ಲ.” ಮಾಡದಿದ್ದರೆ, “ನಂಬರ್ ಓದಲಾಗುತ್ತಿಲ್ಲ.” ಮುಖ ತೊಳೆದುಕೊಂಡು ಬಾ ಎನ್ನುವುದು, ತೊಳೆದರೆ ಇದು ನಿನ್ನ ಮುಖವೇ ಅಲ್ಲ ಎನ್ನುವುದು. ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿಗೆ ನಿಂತ ಅಜ್ಜಿಯರಿಗೆ ಈ ಆಟ ಚೆನ್ನಾಗಿ ಗೊತ್ತು. ಜನ್ಮವಿಡೀ ಪಾತ್ರೆ ಉಜ್ಜಿ, ಕಳೆ ಕಿತ್ತು ಬೆರಳಿನ ಗೆರೆ ಸವೆದಿರುತ್ತದೆ. ಬೆರಳಚ್ಚು ನೋಡುವ ಯಂತ್ರ ಮಾತ್ರ ಅಜ್ಜಿಯೇ ಇಲ್ಲ ಎನ್ನುತ್ತದೆ. ಅಜ್ಜಿ ಎದುರಿಗೇ ನಿಂತಿರುತ್ತಾಳೆ.

ಎಲ್ಲ ಸಲೀಸಾಗಿ ಮುಗಿದರೆ ಸಿಗುವ ಬಹುಮಾನವೂ ಸ್ವಾರಸ್ಯದ್ದು. ಹಳೆಯ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಇಲ್ಲದವರಿಗೆ ರಾಜ್ಯದ ಅಕ್ಷರ, ಅದರ ಮುಂದೆ ವಿಎ, ಮತ್ತೆರಡು ಅಕ್ಷರ, ನಾಲ್ಕು ಅಂಕಿ. ವಿಎ ಎಂದರೆ ದೆಹಲಿಯಲ್ಲಿ ವಿಂಟೇಜ್. ಕರ್ನಾಟಕದ ಹಳ್ಳಿಯ ಹಳೇ ರೂಢಿಯಲ್ಲಿ ವಿಎ ಎಂದರೆ ವಿಲೇಜ್ ಅಕೌಂಟೆಂಟ್. ಈ ಕಾರು ಸಂತೆಪೇಟೆಯಲ್ಲಿ ನಿಂತರೆ ಪಹಣಿ ತಿದ್ದುಪಡಿಗೆ ಜನ ಸಾಲು ಹಚ್ಚುವುದು ಖಂಡಿತ.

ಮೂಲ ರೂಪ ಎಂಬ ಮಾತಿಗೆ ಬರೋಣ. ವಿಕ್ರಮಾದಿತ್ಯನ ಹೆಗಲೇರಿದ ಬೇತಾಳ ಕೇಳಿದ ಪ್ರಶ್ನೆಗಳಲ್ಲಿ ತಲೆಗಳು ಅದಲುಬದಲಾದ ಗಂಡಸರ ಕಥೆಯೂ ಒಂದು. ಒಬ್ಬನ ರುಂಡ, ಇನ್ನೊಬ್ಬನ ಮುಂಡ. ಇವರಲ್ಲಿ ಗಂಡ ಯಾರು? ಗಿರೀಶ ಕಾರ್ನಾಡರು 1971ರಲ್ಲಿ ಅದನ್ನು ‘ಹಯವದನ’ ಮಾಡಿದರು. ದೇವದತ್ತ, ಕಪಿಲ, ನಡುವೆ ಪದ್ಮಿನಿ. ಅದೇ ದಶಕದಲ್ಲಿ ಮುಂಬಯಿಯ ಪ್ರೀಮಿಯರ್ ಕಂಪನಿ ತನ್ನ ಫಿಯೆಟ್ಟಿಗೆ ಪದ್ಮಿನಿ ಎಂದು ಹೆಸರಿಟ್ಟಿತು, ಚಿತ್ತೋರಿನ ರಾಣಿಯನ್ನು ನೆನೆದು. ಆ ಪದ್ಮಿನಿಗೆ ಗ್ಯಾರೇಜಿನವರು ಮಾಡಿದ್ದೇನು? ಒಂದರ ಎಂಜಿನ್ನು ಇನ್ನೊಂದಕ್ಕೆ, ಮೂರನೆಯದರ ಡೋರು, ಟ್ಯಾಕ್ಸಿಯೊಂದರ ಗೇರ್ ಬಾಕ್ಸು. ಕಾರ್ನಾಡರು ಒಂದು ಸಲ ಮಾಡಿದ್ದನ್ನು ಮೇಸ್ತ್ರಿಗಳು ದಿನಾ ಮಾಡಿದರು, ಕಾಳಿಗೊಂದು ಹರಕೆಯೂ ಇಲ್ಲದೆ. ತಲೆಯೇ ಉತ್ತಮಾಂಗ, ತಲೆ ಯಾರದೋ ಅವನೇ ಗಂಡ ಎಂದು ವಿಕ್ರಮ ತೀರ್ಪು ಕೊಟ್ಟ. ಸಾರಿಗೆ ಇಲಾಖೆ ವಿಕ್ರಮನಿಗಿಂತ ಭಿನ್ನ. ಅದರ ಪ್ರಕಾರ ಬೆನ್ನುಮೂಳೆಯೇ ಗಂಡ, ಅದೂ ಬೆನ್ನ ಮೇಲೆ ಹಚ್ಚೆ ಇದ್ದರೆ ಮಾತ್ರ.

ಇಂಗ್ಲೆಂಡಿನ ಹೈಕೋರ್ಟಿನಲ್ಲಿ ಬೇತಾಳನ ಪ್ರಶ್ನೆಯೇ ವ್ಯಾಜ್ಯವಾಗಿ ಬಂದಿತ್ತು. ಬೆಂಟ್ಲಿ ಕಂಪನಿಯ ‘ಓಲ್ಡ್ ನಂಬರ್ ಒನ್’ ಎಂಬ ರೇಸು ಕಾರು 1929 ಮತ್ತು 1930ರಲ್ಲಿ ಎರಡು ಸಲ ಲ ಮಾನ್ಸ್ ಗೆದ್ದದ್ದು, ಎರಡೂ ಸಲ ಚಕ್ರ ಹಿಡಿದವರಲ್ಲಿ ಕಂಪನಿಯ ಯಜಮಾನ ವುಲ್ಫ್ ಬರ್ನಾಟೊ ಇದ್ದ. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅದು ಟ್ರ್ಯಾಕಿನ ಏರಿಯನ್ನು ದಾಟಿ ಬಿದ್ದು ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಆಮೇಲೆ ಮತ್ತೆ ಕಟ್ಟಿದರು, ಅದಕ್ಕೂ ಮೊದಲೇ ವರ್ಷವರ್ಷ ಬದಲಾಯಿಸುತ್ತ ಬಂದಿದ್ದರು. ದಶಕಗಳ ಮೇಲೆ ಒಂದು ಕೋಟಿ ಪೌಂಡಿಗೆ ಮಾರಾಟ ಕುದುರಿತು. ಕೊಳ್ಳುವವರು ಕೊನೇ ಗಳಿಗೆಯಲ್ಲಿ, ಇದು ಆ ಕಾರೇ ಅಲ್ಲ, ಬಿಡಿಭಾಗಗಳೆಲ್ಲ ಬದಲಾಗಿವೆ ಎಂದು ಹಿಂದೆ ಸರಿದರು. ಕೋರ್ಟು ಭಾಗಗಳನ್ನು ಒಂದೊಂದಾಗಿ ಎಣಿಸಿತು. 1929ರ ಕಾರಿನದು ಎಂದು ಗಟ್ಟಿಯಾಗಿ ಹೇಳಬಹುದಾದ್ದು ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. 1930ರದ್ದರಲ್ಲಿ ಗೇರ್ ಬಾಕ್ಸಿನ ಕವಚ, ಸ್ಟೀರಿಂಗಿನ ಕಂಬ, ಪೆಡಲಿನ ದಂಡ, ಅಷ್ಟೇ. ಆದರೂ 1990ರಲ್ಲಿ ನ್ಯಾಯಮೂರ್ತಿ ಆಟನ್, ಇದೇ ಓಲ್ಡ್ ನಂಬರ್ ಒನ್ ಎಂದರು. ಕಾರಣ, ಅದು ನಡುವೆ ಎಲ್ಲೂ ಸಾಯಲಿಲ್ಲ, ಬೇರೊಂದು ಕಾರಾಗಲಿಲ್ಲ. ಅದರ ಬದುಕಿನ ದಾರ ಎಲ್ಲೂ ತುಂಡಾಗಿಲ್ಲ. ಅರ್ಜಿದಾರನ ಊರಿನವರು ಹೇಳುತ್ತಿರುವುದೂ ಇದನ್ನೇ. ಅವರಿಗೆ ಆಟನ್ ಸಾಹೇಬರ ವಿಗ್ಗು ಇಲ್ಲ, ಅಷ್ಟೇ.

ಅದೇ ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಇನ್ನೊಂದು ಲೆಕ್ಕ ಇಟ್ಟುಕೊಂಡಿತ್ತು, ಪರೀಕ್ಷೆಯ ಅಂಕದ ಹಾಗೆ. ಮೂಲದಿಂದ ಬಹಳ ಬದಲಾದ ಗಾಡಿಗೆ ಹಳೆಯ ಗುರುತು ಉಳಿಯಬೇಕಾದರೆ ಎಂಟು ಅಂಕ ಬೇಕಿತ್ತು. ಚಾಸಿಗೆ ಐದು, ಸಸ್ಪೆನ್ಷನ್, ಆಕ್ಸಲ್, ಗೇರ್ ಬಾಕ್ಸ್, ಸ್ಟೀರಿಂಗ್ ಇವಕ್ಕೆ ತಲಾ ಎರಡು, ಎಂಜಿನ್ನಿಗೆ ಒಂದೇ ಒಂದು. ಗುರುತೇ ಗೊತ್ತಾಗದ ಗಾಡಿಗೆ ಕ್ಯೂ ಎಂಬ ಅಕ್ಷರದ ಪ್ಲೇಟು. ಅದು ಅನಾಥಾಶ್ರಮದ ಹಾಗೆ. ಅಪ್ಪನ ಹೆಸರಿಲ್ಲದಿದ್ದರೂ ರಸ್ತೆಯಲ್ಲಿ ಓಡಾಡಬಹುದು. ಇಲ್ಲಿ ಅಂಥ ಆಶ್ರಮವೂ ಇಲ್ಲ.

ಎಲ್ಲ ಕಡೆಯೂ ಹೀಗೆ ಜಾಣತನ ಇದೆ ಎಂದುಕೊಳ್ಳಬೇಡಿ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಒಬ್ಬರು 1959ರ ಷೆವ್ರೊಲೆ ಕಾರ್ವೆಟ್ ಕೊಂಡು, ಸಜ್ಜನಿಕೆಯಿಂದ ನೋಂದಣಿಗೆ ತೆಗೆದುಕೊಂಡು ಹೋದರು. ತಪಾಸಣೆಯಲ್ಲಿ ನಂಬರಿನ ತಗಡನ್ನು ಯಾವಾಗಲೋ ಕಳಚಿ ಮತ್ತೆ ಜೋಡಿಸಿದ್ದು ಕಂಡಿತು. ಹಳೆಯ ಕಾರು ದುರಸ್ತಿ ಮಾಡುವಾಗ ಬಣ್ಣಕ್ಕಾಗಿ ತಗಡು ತೆಗೆಯುವುದು ವಾಡಿಕೆ. ಆದರೆ ಅಲ್ಲಿನ ಕಾನೂನಿನ ಪ್ರಕಾರ ಹಾಗಾದ ಕಾರು ನಿಷಿದ್ಧ ವಸ್ತು, ಅದನ್ನು ನಾಶಮಾಡಬೇಕು. 2017ರಲ್ಲಿ ಜಪ್ತಿಯಾದ ಕಾರು ವರ್ಷಗಟ್ಟಲೆ ಪೊಲೀಸರ ವಶದಲ್ಲಿ ಕೊಳೆಯಿತು. ಮಾಲೀಕರು ಕಳ್ಳರಲ್ಲ ಎಂದು ಎಲ್ಲರೂ ಒಪ್ಪಿದ್ದರು. ಕಳ್ಳತನ ಮಾಡಿದ್ದು ಕಾರು ಎಂಬಂತಿತ್ತು ವ್ಯವಹಾರ. 2022ರಲ್ಲಿ ಶಾಸನವನ್ನೇ ತಿದ್ದಬೇಕಾಯಿತು. ಒಂದು ಹಿಡಿ ರಿವೆಟ್ಟಿಗಾಗಿ ಶಾಸನಸಭೆ ಸೇರಿದ್ದು ಅಮೆರಿಕಕ್ಕೇ ಸಲ್ಲುವ ಕೀರ್ತಿ.

ಇಷ್ಟಾದರೂ ಅರ್ಜಿದಾರ ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರರ ಮೇಲೆ ಕಣ್ಣು ಕೆಂಪು ಮಾಡುವುದಿಲ್ಲ. ಅವರ ಅನುಮಾನಕ್ಕೆ ಆಧಾರವಿದೆ. 2001ರಲ್ಲಿ ಮಿಲ್ವಾಕಿಯಲ್ಲಿ ಕಳುವಾದ ಫ್ರೆಂಚ್ ಟಾಲ್ಬೊ ಲಾಗೊ ಕಾರೊಂದು ಕೋಟಿಗಟ್ಟಲೆ ಬೆಲೆಗೆ ಕೈಬದಲಾಗಿ, ಕೊನೆಗೆ ಸಿಕ್ಕಿಬಿದ್ದದ್ದು 2016ರಲ್ಲಿ ಇಲಿನಾಯ್ ರಾಜ್ಯದಲ್ಲಿ ದಾಖಲೆ ಮಾಡಿಸಲು ಹೋದಾಗ, ತಮ್ಮಂಥ ಒಬ್ಬ ನಂಬರ್ ಮಹಾಶಯರು ಬಾಯಿಬಿಟ್ಟದ್ದರಿಂದ. ಅವರ ಹೆಸರು 90108. ಕೊಂಡವರ ಕಂಪನಿಯ ಹೆಸರಿನಲ್ಲೂ ಅದೇ ಅಂಕಿ ಇತ್ತು. ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ 2020ರ ತೀರ್ಪಿನಲ್ಲಿ ಪ್ರತಿವಾದಿಯ ಹೆಸರೇ ಟಿಎಲ್ 90108. ಚಾಸಿ ನಂಬರೊಂದು ಕಟಕಟೆ ಹತ್ತಿದ್ದು ಹೀಗೆ.

ಹತ್ತಿರದ ಉದಾಹರಣೆ ಬೇಕಾದರೆ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಡಿಸ್ಪೋಸಲ್ ಜೀಪುಗಳು ಅಲ್ಲಿನ ಕೆಸರಿನಲ್ಲಿ ಇನ್ನೊಂದು ಯುದ್ಧ ಮಾಡಿದವು. ಒಂದೇ ಅಚ್ಚಿನ ಜೀಪನ್ನು ವಿಲ್ಲಿಸ್ ಕಂಪನಿಯೂ ಫೋರ್ಡ್ ಕಂಪನಿಯೂ ಮಾಡಿದ್ದವು. ಫೋರ್ಡ್ ನಂಬರನ್ನು ಎಡ ಪಟ್ಟಿಯ ಮೇಲ್ಮೈಗೆ ಹೊಡೆಯಿತು, ವಿಲ್ಲಿಸ್ ಪಟ್ಟಿಯ ಒಳಮೈಗೆ ತಗಡು ರಿವೆಟ್ ಮಾಡಿತು. ತಗಡು ಉದುರುತ್ತದೆ, ಉದುರಿದ್ದನ್ನು ಯಾರೋ ಡಬ್ಬಿಯಲ್ಲಿ ಎತ್ತಿಡುತ್ತಾರೆ, ಡಬ್ಬಿಯಲ್ಲಿದ್ದದ್ದು ಬೇರೆ ಜೀಪಿಗೆ ಹತ್ತುತ್ತದೆ. ಮೂರು ಜೀಪಿನಿಂದ ಎರಡು, ಎರಡರಿಂದ ಮತ್ತೆ ಮೂರು ಆದ ಕಥೆ ಯಾವ ತೋಟದ ರೈಟರನ್ನು ಕೇಳಿದರೂ ಸಿಗುತ್ತದೆ. ಇನ್‌ಸ್ಪೆಕ್ಟರು ಬೆವರದೆ ಏನು ಮಾಡಿಯಾರು?

ಪರಿಹಾರ ಹೇಳುವವರಿಗೂ ಬರವಿಲ್ಲ. ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಪೆನ್ಸಿಲ್ ಪ್ರಿಂಟನ್ನು ನೋಡಿ, ಅನುಕಂಪದಿಂದ ತಲೆಯಾಡಿಸಿ, “ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಸಾರ್, ಹೊಸದಾಗಿ ಪಂಚ್ ಹೊಡೆದು ಕೊಡ್ತೀನಿ. ಯಾವ ನಂಬರ್ ಬೇಕು ಹೇಳಿ” ಎಂದ. ಯಾವ ನಂಬರ್ ಬೇಕು! ಅವನ ಕೈಚೀಲದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಪಂಚುಗಳು ಎಣ್ಣೆ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. ಅವನು ಹೊಡೆದರೆ ಪ್ರಿಂಟು ಕಾರ್ತಿಕದ ಚುಕ್ಕಿಯಷ್ಟು ಸ್ಪಷ್ಟವಾಗಿ ಬರುತ್ತದೆ, ಕಡತ ಅವತ್ತೇ ಮುಂದಿನ ಮೇಜಿಗೆ ಹೋಗುತ್ತದೆ. ಈ ವ್ಯವಸ್ಥೆಯಲ್ಲಿ ಮಸುಕಾದ ಸತ್ಯ ಬಾಗಿಲ ಹೊರಗೆ, ಹೊಳೆಯುವ ಸುಳ್ಳು ಒಳಗೆ. ಅರ್ಜಿದಾರ ಟೀ ಕುಡಿದು, ಅವನ ಟೀಗೂ ಕಾಸು ಕೊಟ್ಟು ಎದ್ದು ಬಂದ. ಎದ್ದು ಬರುವಾಗ ಒಂದು ಸಲ ತಿರುಗಿ ನೋಡಿದ್ದುಂಟು, ತಮ್ಮಲ್ಲಿ ಮುಚ್ಚಿಡುವುದೇಕೆ.

ನೆಟ್ಟಗಿನ ದಾರಿಯೂ ಇದೆ, ಅದು ವಿಧಿವಿಜ್ಞಾನದ್ದು. ಉಕ್ಕಿನ ಮೇಲೆ ಅಂಕಿ ಹೊಡೆದಾಗ ಏಟು ಮೇಲ್ಮೈಯಲ್ಲೇ ನಿಲ್ಲುವುದಿಲ್ಲ; ಅಂಕಿಯ ಕೆಳಗಿನ ಲೋಹದ ಹರಳುಗಳೂ ನಲುಗಿ ಒತ್ತಾಗುತ್ತವೆ. ಮೇಲಿನ ಅಂಕಿಯನ್ನು ಅರದಿಂದ ಉಜ್ಜಿ ಅಳಿಸಿದರೂ ಆ ನಲುಗು ಉಳಿದಿರುತ್ತದೆ. ಮೈ ನಯಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಪರ್ ಕ್ಲೋರೈಡ್ ಕರಗಿಸಿದ ಫ್ರೈ ದ್ರಾವಣವನ್ನು ಸವರಿದರೆ ನಲುಗಿದ ಜಾಗವನ್ನು ಆಮ್ಲ ಬೇರೆ ವೇಗದಲ್ಲಿ ತಿನ್ನುತ್ತದೆ, ಅಂಕಿ ನೆರಳಿನ ಹಾಗೆ ಎದ್ದುಬರುತ್ತದೆ. ಕಳ್ಳರು ಉಜ್ಜಿದ ನಂಬರನ್ನು ಪ್ರಯೋಗಾಲಯಗಳಲ್ಲಿ ಹೀಗೆ ಓದುತ್ತಾರೆ. ವಿಚಿತ್ರವೆಂದರೆ, ಕಳ್ಳನ ಕಾರಿಗೆ ಈ ಸೌಲಭ್ಯ ತಾನಾಗಿ ಸಿಗುತ್ತದೆ. ಮರ್ಯಾದಸ್ಥನ ಕಾರಿಗೆ ಸಿಗಬೇಕಾದರೆ ಮೊದಲು ಅದು ಕಳುವಾಗಬೇಕು. ಮತ್ತೆ ತಮ್ಮ ಗುಳಿ ಎಷ್ಟು ಆಳ ಎಂಬುದೂ ಪ್ರಶ್ನೆ. ನಲುಗಿದ ಹರಳನ್ನೂ ತುಕ್ಕು ತಿಂದುಹಾಕಿದ್ದರೆ ಆಮ್ಲಕ್ಕೆ ಓದಲು ಏನೂ ಉಳಿದಿರುವುದಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿ. ಸಾಧ್ಯವಾದರೆ ಮುಂದಿನ ತಪಾಸಣೆಯ ದಿನ ಕಾಣಿಸಿಕೊಳ್ಳಿ. ಸಾಧ್ಯವಾಗದಿದ್ದರೆ, ತಮ್ಮ ಸ್ಥಾನ ಅಲಂಕರಿಸಲು ಬೇರೆಯವರಿಗೆ ಅಪ್ಪಣೆ ಕೊಡಿ: ಎಂಜಿನ್ ಬ್ಲಾಕಿನ ಮೇಲಿನ ತಮ್ಮ ಅವಳಿ ಸೋದರನಿಗೆ, ಮುಂದಿನ ಬಂಪರಿನ ಅಂಚಿನಲ್ಲಿ ಇನ್ನೂ ನೇತಾಡುತ್ತಿರುವ ಎಂವೈ ಪ್ಲೇಟಿಗೆ, ದಿಬ್ಬಣದ ಕಪ್ಪು ಬಿಳುಪು ಫೋಟೊಗೆ, ಜೂನ್ 1ರ ಹಿರಿಯರಿಗೆ. ಸಮಿತಿ ಎಂದರೆ ನಾಲ್ಕು ಜನ ಕೂತು ನಾಲ್ಕು ಸಾಕ್ಷಿ ತೂಗುವುದು ಎಂದು ಅರ್ಜಿದಾರ ತಿಳಿದಿದ್ದಾನೆ. ನಾಲ್ಕು ಜನ ಒಂದೇ ಪೆನ್ಸಿಲ್ ಪ್ರಿಂಟಿಗೆ ಇಣುಕುವುದಕ್ಕೆ ಸಮಿತಿ ಬೇಡ, ಭೂತಕನ್ನಡಿ ಸಾಕು. ಸ್ವಲ್ಪ ಬೇಗ ಆದರೆ ಒಳ್ಳೆಯದು. ಐವತ್ತು ವರ್ಷದ ಲೆಕ್ಕದಲ್ಲಿ 1970ರ ದಶಕದ ಅಂಬಾಸಡರುಗಳೂ ಒಂದೊಂದಾಗಿ ಈ ಸಾಲಿಗೆ ಬಂದು ನಿಲ್ಲುತ್ತಿವೆ, ಸಾಲು ಹನುಮಂತನ ಬಾಲವಾಗಲಿದೆ.

ಇತಿ ತಮ್ಮ ವಿಧೇಯ,
ಮೇಲ್ಕಂಡ ಅರ್ಜಿದಾರ.

ಅಡಕ: ಪೆನ್ಸಿಲ್ ಪ್ರಿಂಟು, ಒಂದು ಪ್ರತಿ. ಸಿ, ಎ ಮತ್ತು 7 ಮೂಲದಲ್ಲಿದ್ದಂತೆ. ನಡುವಿನದ್ದು ಮಳೆಗೆ ನೆನೆದದ್ದಲ್ಲ, ಅದು ಹಾಗೆಯೇ ಬಂದದ್ದು.